ಹಡಗಿನ ಧಾರಾವಾಹಿಯಲ್ಲಿ ತಪ್ಪು ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಂದ ಯಾವ ರಸ್ತೆ ಹಿಡಿದರೂ ಸಮುದ್ರ ಸಿಗುವುದು ಮುನ್ನೂರು ಕಿಲೋಮೀಟರ್ ದಾಟಿದ ಮೇಲೆ. ನಮ್ಮ ಪಾಲಿನ ಕಡಲು ಅಂದರೆ ಹಲಸೂರು ಕೆರೆ. ಇಂಥ ಊರಲ್ಲಿ ಕೂತು ಅಮೆರಿಕದ ನೌಕಾಪಡೆ ಧಾರಾವಾಹಿಗಳ ತಪ್ಪು ಹುಡುಕುವುದು ವಿಚಿತ್ರ ಚಟ ಅಂತ ನನಗೂ ಗೊತ್ತು. ಆದರೆ ಜಾಲಹಳ್ಳಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಡೆಯುವುದು ಅದೇ. ಮೇಲಿನ ಮನೆಯ ಅಂಕಲ್ ಭಾರತೀಯ ನೌಕಾಪಡೆಯಲ್ಲಿ 15 ವರ್ಷ ಇದ್ದು, ಪೆಟಿ ಆಫೀಸರ್ ಆಗಿ ಹೊರಬಂದವರು. ರಿಮೋಟ್ ಅವರ ಕೈಯಲ್ಲೇ ಇರಬೇಕು. ಮುಕ್ಕಾಲು ಗಂಟೆಯ ಕಂತು ನಮ್ಮಲ್ಲಿ ಮುಗಿಯಲು ಎರಡು ಗಂಟೆ, ಎರಡು ಸುತ್ತು ಕಾಫಿ ಬೇಕು. ಹೊಸದಾಗಿ ಬಂದು ಕೂತವರೆಲ್ಲ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಯಾವ ಧಾರಾವಾಹಿ ಬಗ್ಗೆ ಮಾತು?

ಮುಖ್ಯವಾಗಿ 'ಜ್ಯಾಗ್'. ಡೊನಾಲ್ಡ್ ಬೆಲ್ಲಿಸಾರಿಯೋ ಹುಟ್ಟುಹಾಕಿದ್ದು. 1995ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಯಿತು. ಒಂದೇ ಸೀಸನ್ನಿಗೆ ಎನ್‌ಬಿಸಿ ಕೈಬಿಟ್ಟಿತು. 1997ರ ಜನವರಿಯಲ್ಲಿ ಸಿಬಿಎಸ್ ಎತ್ತಿಕೊಂಡಿತು. 2005ರ ಏಪ್ರಿಲ್‌ವರೆಗೆ ಒಟ್ಟು 10 ಸೀಸನ್, 227 ಕಂತು. ಜಡ್ಜ್ ಅಡ್ವೊಕೇಟ್ ಜನರಲ್ ಅನ್ನುವುದರ ಚುಟುಕು ಹೆಸರೇ ಜ್ಯಾಗ್, ಅಂದರೆ ನೌಕಾಪಡೆಯ ವಕೀಲರ ಕಥೆ. ನಾಯಕ ಹಾರ್ಮನ್ ರಾಬ್, ಚುಟುಕಾಗಿ ಹಾರ್ಮ್, ಮೊದಲು ಯುದ್ಧವಿಮಾನದ ಪೈಲಟ್, ಆಮೇಲೆ ವಕೀಲ. ಅವನ ಜೊತೆ ಮರೀನ್ ಪಡೆಯ (ಹಡಗಿನಿಂದ ಇಳಿದು ನೆಲದ ಮೇಲೂ ಕಾದುವ ಪಡೆ) ಸಾರಾ ಮೆಕೆಂಜಿ, ಎಲ್ಲರ ಬಾಯಲ್ಲಿ ಮ್ಯಾಕ್.

2003ರಲ್ಲಿ ಇದರ ಹೊಟ್ಟೆಯಿಂದಲೇ 'ಎನ್‌ಸಿಐಎಸ್' ಹುಟ್ಟಿತು, ನೌಕಾಪಡೆಯ ಅಪರಾಧಗಳನ್ನು ತನಿಖೆ ಮಾಡುವ ಸಂಸ್ಥೆಯ ಕಥೆ. ಮಗಳು ಅಮ್ಮನಿಗಿಂತ ಜಾಸ್ತಿ ಹೆಸರು ಮಾಡಿದಳು. ಅದೂ ನಮ್ಮ ಪಟ್ಟಿಯಲ್ಲಿದೆ. 'ದಿ ಲಾಸ್ಟ್ ಶಿಪ್' ಕೂಡ ಆಗಾಗ ಬರುತ್ತದೆ.

ಮಾಹಿತಿ ತಪ್ಪಿಗೂ ಕಂಟಿನ್ಯುಟಿ ತಪ್ಪಿಗೂ ಏನು ವ್ಯತ್ಯಾಸ?

ನಾಯಕಿ ಬಾಗಿಲು ತೆರೆಯುವಾಗ ಕೆಂಪು ಸೀರೆ, ಒಳಗೆ ಬರುವಾಗ ಹಸಿರು ಸೀರೆ: ಇದು ಕಂಟಿನ್ಯುಟಿ ತಪ್ಪು. ಧಾರಾವಾಹಿ ತನ್ನ ಮಾತನ್ನೇ ತಾನು ಮರೆತದ್ದು. ಮಡಿಕೇರಿಯಲ್ಲಿ ಸಮುದ್ರ ತೋರಿಸಿದರೆ ಅದು ಮಾಹಿತಿ ತಪ್ಪು. ಅಷ್ಟೇ.

ಹೊಟ್ಟೆಗೆ ಹಾಕಿಕೊಳ್ಳಬೇಕಾದ ಒಂದು ವಿಷಯ ಇದೆ. ಅಮೆರಿಕದ ಒಂದು ಗಂಟೆಯ ಧಾರಾವಾಹಿಯ ಒಂದು ಕಂತು ಚಿತ್ರೀಕರಿಸಲು ಸುಮಾರು ಎಂಟು ದಿನ ಸಿಗುತ್ತದೆ. ನಮ್ಮ ಕನ್ನಡದ ದಿನದ ಧಾರಾವಾಹಿಗಳಲ್ಲಿ ದಿನಕ್ಕೊಂದು ಕಂತು ಎಳೆಯುತ್ತಾರೆ. ದೃಶ್ಯಗಳನ್ನು ಕಥೆಯ ಸಾಲಿನಲ್ಲಿ ತೆಗೆಯುವುದೂ ಇಲ್ಲ. ಕೋರ್ಟಿನ ಸೆಟ್ ಹಾಕಿದ ದಿನ ಕೋರ್ಟಿನ ದೃಶ್ಯಗಳೆಲ್ಲ ಒಟ್ಟಿಗೆ. ಇಷ್ಟರ ಮಧ್ಯೆ ಕಾಫಿ ಲೋಟದಲ್ಲಿ ಎಷ್ಟು ಕಾಫಿ ಇತ್ತು ಅಂತ ನೆನಪಿಡುವ ಸಹಾಯಕ ನಿರ್ದೇಶಕರಿಗೆ ನನ್ನದೊಂದು ನಮಸ್ಕಾರ.

ಹಾರುವಾಗ ಒಂದು ವಿಮಾನ, ಇಳಿಯುವಾಗ ಇನ್ನೊಂದು. ಇದು ಕಣ್ಣಿಗೆ ಬಿದ್ದೇ ಬೀಳುತ್ತೆ ಅಲ್ವಾ? ಹೀಗೇಕೆ?

ಬೀಳುತ್ತದೆ. ಕಾರಣ ದುಡ್ಡು. ವಿಮಾನವಾಹಕ ಹಡಗನ್ನು ಬಾಡಿಗೆಗೆ ತರಲು ಆಗುವುದಿಲ್ಲ. ಆದ್ದರಿಂದ ಯಾವಾಗಲೋ ಯಾರೋ ತೆಗೆದ ತುಣುಕುಗಳನ್ನು ತಂದು ಅಂಟಿಸುತ್ತಾರೆ. ಜ್ಯಾಗ್‌ಗೆ ಶುರುವಿನಲ್ಲಿ ಅಮೆರಿಕದ ನೌಕಾಪಡೆ ಸಹಕಾರ ಕೊಡಲಿಲ್ಲ, ಆಮೇಲೆ ಕೊಟ್ಟಿತು. ಹಾಗಾಗಿ ಹಳೆಯ ಕಂತುಗಳಲ್ಲಿ ಅಂಟು ಜಾಸ್ತಿ ಕಾಣುತ್ತದೆ.

ಹಿಡಿಯುವುದು ಹೇಗೆ? ಹಾರ್ಮ್ ಹಾರಿಸುವುದು ಎಫ್-14 ಟಾಮ್‌ಕ್ಯಾಟ್. ಅದರಲ್ಲಿ ಇಬ್ಬರು ಕೂರುತ್ತಾರೆ. ಮುಂದೆ ಪೈಲಟ್, ಹಿಂದೆ ರೇಡಾರ್ ನೋಡಿಕೊಳ್ಳುವವನು. ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮುಂದಕ್ಕೆ ಚಾಚಿಕೊಳ್ಳುತ್ತವೆ. ಎಫ್/ಎ-18 ಹಾರ್ನೆಟ್‌ನ ರೆಕ್ಕೆ ಹಾಗೆ ಮಾಡುವುದಿಲ್ಲ. ಅದರ ಬಾಲದ ಎರಡು ರೆಕ್ಕೆಗಳು ಹೊರಕ್ಕೆ ವಾಲಿಕೊಂಡಿರುತ್ತವೆ, ಆಕಳ ಕಿವಿಯ ಹಾಗೆ. ಯಲಹಂಕದ ಏರ್ ಶೋಗೆ 2011ರಲ್ಲಿ ಸೂಪರ್ ಹಾರ್ನೆಟ್ ಬಂದಿತ್ತಲ್ಲ, ಅವತ್ತು ಕತ್ತು ನೋಯಿಸಿಕೊಂಡು ನೋಡಿದವರು ಈ ಎರಡನ್ನು ಜನ್ಮದಲ್ಲಿ ಅದಲುಬದಲು ಮಾಡಲಾರರು. ಟಾಮ್‌ಕ್ಯಾಟ್ ನೋಡುವ ಯೋಗ ನಮಗಿರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲೇ ಅಮೆರಿಕದವರು ಅದನ್ನು ನಿವೃತ್ತಿ ಮಾಡಿದರು.

ವಿಮಾನ ಒಂದೇ ಇದ್ದರೂ ಮೂತಿಯ ಮೇಲಿನ ನಂಬರ್ ನೋಡಿ. ಹಡಗಿನ ಗೋಪುರದ ಮೇಲಿನ ದೊಡ್ಡ ನಂಬರ್ ನೋಡಿ. ಹಾರುವಾಗ ಇದ್ದ ಹಡಗು ಇಳಿಯುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಜ್ಯಾಗ್‌ನ 'ಸೀಹಾಕ್' ಅನ್ನುವ ವಿಮಾನವಾಹಕ ಹಡಗೇ ಕಲ್ಪನೆಯದ್ದು. 'ಪ್ಯಾಟ್ರಿಕ್ ಹೆನ್ರಿ' ಅನ್ನುವುದೂ ಅಷ್ಟೇ. ಅಮೆರಿಕದ ನೌಕಾಪಡೆಯಲ್ಲಿ ಆ ಹೆಸರಿನದು ನಿಜವಾಗಿ ಇತ್ತು, ಆದರೆ ಅದು ಜಲಾಂತರ್ಗಾಮಿ. ಇಲ್ಲದ ಹಡಗಿಗೆ ಇರುವ ಹಡಗುಗಳ ಚಿತ್ರ ತಂದರೆ ನಂಬರ್ ಹೊಂದುವುದು ಎಲ್ಲಿಂದ?

ಹಡಗಿನ ಗೋಪುರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕಾಣುತ್ತೆ. ಹಾಗೂ ಇರುತ್ತಾ?

ಇರುವುದಿಲ್ಲ. ಇದು ನನಗೆ ಬಹಳ ಇಷ್ಟದ ತಪ್ಪು. ಸಂಕಲನಕಾರರಿಗೆ ವಿಮಾನ ಎಡದಿಂದ ಬಲಕ್ಕೆ ಹೋಗಬೇಕಾಗಿರುತ್ತದೆ. ಸಿಕ್ಕ ತುಣುಕಿನಲ್ಲಿ ಬಲದಿಂದ ಎಡಕ್ಕೆ ಹೋಗುತ್ತಿರುತ್ತದೆ. ಸುಮ್ನೆ ಕನ್ನಡಿಯ ಹಾಗೆ ತಿರುಗಿಸಿಬಿಡುತ್ತಾರೆ. ಆಗ ಗೋಪುರವೂ ಪಕ್ಕ ಬದಲಿಸುತ್ತದೆ.

ವಿಮಾನವಾಹಕ ಹಡಗಿನ ಗೋಪುರ ಯಾವಾಗಲೂ ಬಲಗಡೆ. ನಮ್ಮ ವಿಕ್ರಾಂತ್‌ನದ್ದೂ ಹಾಗೇ. ಎಡಗಡೆ ಇಟ್ಟು ಕಟ್ಟಿದ್ದು ಇಡೀ ಚರಿತ್ರೆಯಲ್ಲಿ ಜಪಾನಿನ ಎರಡೇ ಹಡಗು, ಅಕಾಗಿ ಮತ್ತು ಹಿರ್ಯು. ಎರಡೂ 1942ರ ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ ಮುಳುಗಿದವು. ಹಾಗಾಗಿ 1998ರ ಕಂತಿನಲ್ಲಿ ಎಡಗಡೆ ಗೋಪುರ ಕಂಡರೆ, ಒಂದೋ ತುಣುಕು ತಿರುಗಿದೆ, ಇಲ್ಲವೇ ದೆವ್ವದ ಕಥೆ.

ಮನುಷ್ಯರ ದೃಶ್ಯದಲ್ಲಿ ಇದನ್ನು ಹಿಡಿಯುವ ಉಪಾಯ ಕಲಿಸಿದ್ದು ಅಂಕಲ್. ಒಂದು ಸಂಜೆ ಥಟ್ಟನೆ ಚಿತ್ರ ನಿಲ್ಲಿಸಿದರು. "ಅವನ ಎದೆ ನೋಡು" ಅಂದರು. ನನಗೆ ಏನೂ ಕಾಣಲಿಲ್ಲ. ಎದ್ದು ಹೋಗಿ ಟೀವಿ ಗಾಜಿನ ಮೇಲೆ ಬೆರಳಿಟ್ಟರು. ಪದಕದ ರಿಬ್ಬನ್‌ಗಳು ಬಲ ಎದೆಯ ಮೇಲಿದ್ದವು. ಅವು ಇರಬೇಕಾದ್ದು ಎಡಕ್ಕೆ. ಹೆಸರಿನ ಪಟ್ಟಿಯನ್ನು ಮಬ್ಬು ಮಾಡಿ ಮುಚ್ಚಿದ್ದರು, ರಿಬ್ಬನ್ ಮರೆತಿದ್ದರು. ಆ ಬೆರಳಿನ ಗುರುತು ಟೀವಿ ಮೇಲೆ ಒಂದು ವಾರ ಇತ್ತು.

ಹಡಗಿನ ಮೇಲೆ ಇಳಿದ ಕೂಡಲೇ ಪೈಲಟ್ ವೇಗ ತಗ್ಗಿಸಿ ಉಸಿರು ಬಿಡುತ್ತಾನೆ. ಸರಿ ತಾನೆ?

ಉಲ್ಟಾ. ಚಕ್ರ ತಾಗಿದ ಕ್ಷಣ ಪೈಲಟ್ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡುತ್ತಾನೆ. ವಿಮಾನದ ಬಾಲದ ಕೊಕ್ಕೆ ಹಡಗಿನ ಮೇಲೆ ಎಳೆದು ಕಟ್ಟಿದ ಉಕ್ಕಿನ ತಂತಿಗೆ ಸಿಕ್ಕಿಕೊಳ್ಳಬೇಕು. ಸಿಕ್ಕದಿದ್ದರೆ? ಮುಂದೆ ಸಮುದ್ರ. ಆಗ ಮತ್ತೆ ಮೇಲೇಳಲು ವೇಗ ಬೇಕು. ತಂತಿ ಹಿಡಿದದ್ದು ಖಾತ್ರಿಯಾದ ಮೇಲೆಯೇ ಶಕ್ತಿ ತಗ್ಗಿಸುವುದು.

ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ಬೆಂಗಳೂರಿಗೂ ಇದೆ. ಇಲ್ಲೇ ವಿನ್ಯಾಸ ಮಾಡಿ, ಇಲ್ಲೇ ಕಟ್ಟಿದ ನೌಕಾಪಡೆಯ ತೇಜಸ್ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿಯಿತು. ಹಾರಿಸಿದವರು ಕಮೊಡೋರ್ ಜೈದೀಪ್ ಮಾವಳಂಕರ್. ಹಡಗು ಮುಟ್ಟಿದ ಎರಡು ಮೂರು ಸೆಕೆಂಡಿನಲ್ಲಿ ವಿಮಾನ ನಿಂತಿತ್ತು. ಆ ದೃಶ್ಯ ಹುಡುಕಿ ನೋಡಿ. ಆಮೇಲೆ ಧಾರಾವಾಹಿಯಲ್ಲಿ ವಿಮಾನ ಬಿಎಂಟಿಸಿ ಬಸ್ಸಿನ ಹಾಗೆ ನಿಧಾನಕ್ಕೆ ನಿಲ್ದಾಣಕ್ಕೆ ಬರುವುದನ್ನು ನೋಡಿ.

ಇನ್ನೊಂದು ವಿಷಯ. ಅಮೆರಿಕದ ಹಡಗಿನ ಮೂತಿ ಚಪ್ಪಟೆ. ಅಲ್ಲಿ ಕ್ಯಾಟಪಲ್ಟ್ ವಿಮಾನವನ್ನು ಕವಣೆಯ ಹಾಗೆ ಎಸೆಯುತ್ತದೆ. ನಮ್ಮ ವಿಕ್ರಮಾದಿತ್ಯ, ವಿಕ್ರಾಂತ್‌ಗಳ ಮೂತಿ ಮೇಲಕ್ಕೆ ಬಾಗಿದೆ, ವಿಮಾನ ತನ್ನ ಬಲದಲ್ಲೇ ಓಡಿ ಜಿಗಿಯುತ್ತದೆ. ಒಂದರ ಕಥೆಗೆ ಇನ್ನೊಂದರ ಚಿತ್ರ ಹಾಕಿದರೆ ಮಕ್ಕಳೂ ಹಿಡಿಯುತ್ತಾರೆ.

ಸತ್ತುಹೋದ ಹುಡುಗಿ ಮುಂದಿನ ಸೀಸನ್ನಲ್ಲಿ ಬೇರೆ ಹೆಸರಿನಲ್ಲಿ ಬಂದಳು. ಯಾರೂ ಗಮನಿಸಲಿಲ್ವಾ?

ಗಮನಿಸಿದರು. ಗಮನಿಸಿ ಅದನ್ನೇ ಕಥೆ ಮಾಡಿದರು.

ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಕ್ಯಾಥರೀನ್ ಬೆಲ್ ಡಯಾನ್ ಶಾಂಕೆ ಅನ್ನುವ ಅಧಿಕಾರಿಯ ಪಾತ್ರ ಮಾಡಿದ್ದಳು. ಹಾರ್ಮ್‌ನ ಗೆಳತಿ. ಕೊಲೆಯಾಗುತ್ತಾಳೆ. ಅಷ್ಟರಲ್ಲಿ ಎನ್‌ಬಿಸಿ ಧಾರಾವಾಹಿಯನ್ನೇ ನಿಲ್ಲಿಸಿತು, ಆ ಕಂತು ಅಲ್ಲಿ ಪ್ರಸಾರವೇ ಆಗಲಿಲ್ಲ. ಸಿಬಿಎಸ್‌ಗೆ ಬಂದಾಗ ಅದೇ ನಟಿಯನ್ನು ಮ್ಯಾಕ್ ಪಾತ್ರಕ್ಕೆ ಹಾಕಿಕೊಂಡರು. ಹಾರ್ಮ್ ಅವಳನ್ನು ಮೊದಲ ಸಲ ನೋಡಿ ಬೆಚ್ಚಿಬೀಳುತ್ತಾನೆ, ಥೇಟ್ ಡಯಾನ್ ಹಾಗೇ ಇದ್ದಾಳೆ ಅಂತ. ಆಮೇಲೆ 1998ರಲ್ಲಿ, ಪ್ರಸಾರವಾಗದ ಆ ಹಳೆಯ ಕಂತಿನ ದೃಶ್ಯಗಳನ್ನೇ ಹೊಸ ಕಂತಿನೊಳಗೆ ಸೇರಿಸಿ ಕೊಲೆಗಾರನನ್ನು ಹಿಡಿಸಿದರು. ಹಳಸಿದ ಅನ್ನವನ್ನು ಎಸೆಯದೆ ಚಿತ್ರಾನ್ನ ಮಾಡಿದ ಹಾಗೆ, ಆದರೆ ರುಚಿಯಾಗಿದೆ.

ದ್ವಿಪಾತ್ರ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನಿಸುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಇದು ತಪ್ಪಲ್ಲ. ಎನ್‌ಸಿಐಎಸ್‌ನ ಮೆಗೀ ಪಾತ್ರಧಾರಿ ಶಾನ್ ಮರ್ರಿ ಕೂಡ ಜ್ಯಾಗ್‌ನಲ್ಲಿ ಬೇರೆ ಪಾತ್ರ ಮಾಡಿದ್ದ. ಅದಕ್ಕೆ ಯಾರೂ ವಿವರಣೆ ಕೊಡುವ ಗೋಜಿಗೆ ಹೋಗಲಿಲ್ಲ.

ವಕೀಲ ಬೇಕಾದಾಗಲೆಲ್ಲ ಯುದ್ಧವಿಮಾನ ಹಾರಿಸಬಹುದಾ?

ಇಲ್ಲ. ಹಾರ್ಮ್‌ಗೆ ಇರುಳುಗುರುಡು ಅಂತ ಹೇಳಿ ವಿಮಾನದಿಂದ ಇಳಿಸಿದ್ದರು, ಆಮೇಲೆ ಅವನು ಕಾನೂನು ಓದಿದ. ಅಮೆರಿಕದ ನೌಕಾಪಡೆಯಲ್ಲಿ ವಕೀಲರು, ವೈದ್ಯರು, ಪಾದ್ರಿಗಳೆಲ್ಲ ಬೇರೆ ಸಾಲು. ಅವರು ಸಮುದ್ರದಲ್ಲಿ ಹಡಗಿನ ಅಧಿಕಾರ ವಹಿಸುವಂತಿಲ್ಲ. ಹಡಗಿನ ಮೇಲೆ ಇಳಿಯುವ ಅರ್ಹತೆಯೂ ಡ್ರೈವಿಂಗ್ ಲೈಸೆನ್ಸಿನ ಹಾಗೆ ಇಪ್ಪತ್ತು ವರ್ಷ ಜೇಬಲ್ಲಿ ಇರುವಂಥದ್ದಲ್ಲ, ಅಭ್ಯಾಸ ತಪ್ಪಿದರೆ ಹೋಯಿತು. ಧಾರಾವಾಹಿಗೂ ಇದು ಗೊತ್ತಿತ್ತು. ನಾಲ್ಕನೇ ಸೀಸನ್ನಿನ ಕೊನೆಗೆ ಅವನು ವಕೀಲಿಕೆ ಬಿಟ್ಟು ಪೈಲಟ್ ಕೆಲಸಕ್ಕೆ ಹೋಗುತ್ತಾನೆ, ಐದನೆಯದರಲ್ಲಿ ವಾಪಸ್ ಬರುತ್ತಾನೆ.

ಆದರೆ 2019ರಲ್ಲಿ ಮಿತಿ ಮೀರಿತು. 'ಎನ್‌ಸಿಐಎಸ್: ಲಾಸ್ ಏಂಜಲೀಸ್'ನಲ್ಲಿ ಹಾರ್ಮ್ ಮತ್ತೆ ಬಂದಾಗ ಒಂದು ವಿಮಾನವಾಹಕ ಹಡಗಿನ ಎರಡನೇ ಅಧಿಕಾರಿ ಆಗಿದ್ದ. ಅಂಥ ಹಡಗಿನ ಮುಖ್ಯಸ್ಥ ನೌಕಾ ವೈಮಾನಿಕನೇ ಆಗಿರಬೇಕು ಅಂತ ಅಮೆರಿಕದ ಕಾನೂನಿನಲ್ಲೇ ಬರೆದಿದೆ, ಎರಡನೆಯವನೂ ಅದೇ ದಾರಿಯಲ್ಲಿ ಬಂದವನು. ಹತ್ತು ವರ್ಷ ಕೋರ್ಟಿನಲ್ಲಿ ಕಳೆದವನಿಗೆ ಆ ಕುರ್ಚಿ ಸಿಗುವುದಿಲ್ಲ. ಅಂಕಲ್‌ಗೆ ಇದು ತಮಾಷೆ. ನನಗೆ ಮಾತ್ರ ಅವನನ್ನು ಮತ್ತೆ ನೋಡಿದ ಖುಷಿಯಲ್ಲಿ ಕಾನೂನು ನೆನಪಾಗಲಿಲ್ಲ.

ಇವತ್ತು ಆರೋಪಿ ಪರ, ನಾಳೆ ಸರ್ಕಾರದ ಪರ, ಕೂರೋದು ಒಂದೇ ಆಫೀಸು. ನಡೆಯುತ್ತಾ?

ಅದು ಕಥೆಗಾಗಿ ಮಾಡಿಕೊಂಡ ಅನುಕೂಲ. ಹಾರ್ಮ್ ಮತ್ತು ಮ್ಯಾಕ್ ಎದುರುಬದುರು ನಿಂತು ವಾದಿಸಬೇಕು, ಸಂಜೆ ಒಂದೇ ಲಿಫ್ಟಿನಲ್ಲಿ ಇಳಿಯಬೇಕು. ನಿಜದಲ್ಲಿ ಸರ್ಕಾರದ ಪರ ವಾದಿಸುವವರ ಕಚೇರಿ ಬೇರೆ, ಆರೋಪಿಯ ಪರ ನಿಲ್ಲುವವರ ಕಚೇರಿ ಬೇರೆ. ಧಾರಾವಾಹಿಯ ಮುಖ್ಯ ಕಚೇರಿ ವರ್ಜೀನಿಯಾದ ಫಾಲ್ಸ್ ಚರ್ಚ್‌ನಲ್ಲಿದೆ. ನಿಜವಾದದ್ದು ಇರುವುದು ಪೆಂಟಗನ್ ಮತ್ತು ವಾಷಿಂಗ್ಟನ್ ನೇವಿ ಯಾರ್ಡ್‌ನಲ್ಲಿ.

ಕೋರ್ಟಿನ ಬಗ್ಗೆ ಒಂದು ಮಾತು. ಮಿಲಿಟರಿ ಕೋರ್ಟಿನಲ್ಲಿ ಒಬ್ಬ ಸದಸ್ಯ ಒಪ್ಪದಿದ್ದರೆ ಎಲ್ಲ ಕೆಟ್ಟುಹೋಯಿತು ಅನ್ನುವಂತೆ ನಾಟಕ ಕಟ್ಟಿದರೆ ನಂಬಬೇಡಿ. ಅದು ಅಲ್ಲಿನ ಸಾಮಾನ್ಯ ಕೋರ್ಟಿನ ಜ್ಯೂರಿ (ತೀರ್ಪು ಹೇಳಲು ಕೂರಿಸುವ ಜನಸಾಮಾನ್ಯರ ಗುಂಪು) ಕಥೆ. ಜ್ಯಾಗ್ ಕಾಲದಲ್ಲಿ ಜನರಲ್ ಕೋರ್ಟ್ ಮಾರ್ಷಲ್‌ಗೆ, ಅಂದರೆ ದೊಡ್ಡ ಅಪರಾಧಗಳ ಮಿಲಿಟರಿ ಕೋರ್ಟಿಗೆ, ಕನಿಷ್ಠ ಐದು ಸದಸ್ಯರು, ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಅಪರಾಧಿ. 2019ರಿಂದ ಎಂಟು ಸದಸ್ಯರು, ಮುಕ್ಕಾಲು ಪಾಲು ಮತ. ಅಂದರೆ ಎಂಟರಲ್ಲಿ ಆರು. ಅಷ್ಟು ಬೀಳದಿದ್ದರೆ ಆರೋಪಿ ಬಿಡುಗಡೆ. ಮಧ್ಯದಲ್ಲಿ ತೂಗಾಡುವ ಮಾತೇ ಇಲ್ಲ.

ಸುತ್ತಿಗೆ ಕುಟ್ಟಿ "ಆರ್ಡರ್ ಆರ್ಡರ್" ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸಿನಿಮಾಗಳು ಇಷ್ಟು ವರ್ಷ ಕುಟ್ಟಿದ ಸುತ್ತಿಗೆಯಲ್ಲಿ ಒಂದು ಬಡಾವಣೆ ಕಟ್ಟಬಹುದಿತ್ತು. ಸಿಟಿ ಸಿವಿಲ್ ಕೋರ್ಟಿಗೆ ಹೋಗಿ ನೋಡಿ, ಮೇಜಿನ ಮೇಲೆ ಫೈಲು ಸಿಗುತ್ತೆ, ಸುತ್ತಿಗೆ ಸಿಗಲ್ಲ.

ನಟರು ಸರಿಯಾದ ಸಮವಸ್ತ್ರ ಹಾಕುವುದು ಕಾನೂನುಬಾಹಿರ, ಅದಕ್ಕೇ ಬೇಕಂತಲೇ ತಪ್ಪು ಇಡುತ್ತಾರೆ ಅಂತಾರೆ. ನಿಜವಾ?

ಸುಳ್ಳು. ಆದರೆ ಎಷ್ಟು ಗಟ್ಟಿಮುಟ್ಟಾದ ಸುಳ್ಳು ಅಂದರೆ, ಐಟಿಯಲ್ಲಿ ಕೆಲಸ ಮಾಡುವ ಇಬ್ಬರು, ಒಬ್ಬ ವಕೀಲ, ನಮ್ಮ ಕೇಬಲ್ ಹುಡುಗ, ಎಲ್ಲರೂ ಇದನ್ನೇ ನನಗೆ ಹೇಳಿದ್ದಾರೆ.

ಅಮೆರಿಕದ ಕಾನೂನು ನಾಟಕ, ಸಿನಿಮಾಗಳ ನಟರಿಗೆ ಸಮವಸ್ತ್ರ ಧರಿಸಲು ಅನುಮತಿ ಕೊಟ್ಟಿದೆ. ಮೊದಲು ಅದಕ್ಕೆ ಒಂದು ಷರತ್ತು ಅಂಟಿಕೊಂಡಿತ್ತು: ಪಾತ್ರ ಸೇನೆಗೆ ಕೆಟ್ಟ ಹೆಸರು ತರುವಂತಿರಬಾರದು. 1967ರಲ್ಲಿ ಹೂಸ್ಟನ್‌ನಲ್ಲಿ ಡೇನಿಯಲ್ ಶಾಕ್ಟ್ ಅನ್ನುವವನು ಸೇನಾ ಭರ್ತಿ ಕೇಂದ್ರದ ಮುಂದೆ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿ ನಾಟಕ ಆಡಿದ. ಮೈಮೇಲೆ ಸೇನೆಯ ಸಮವಸ್ತ್ರ. ಆರು ತಿಂಗಳ ಶಿಕ್ಷೆಯಾಯಿತು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1970ರ ಮೇನಲ್ಲಿ ಕೋರ್ಟು ಆ ಷರತ್ತನ್ನೇ ಕಿತ್ತುಹಾಕಿತು. ಹೊಗಳಿದರೆ ಹಾಕಬಹುದು, ತೆಗಳಿದರೆ ಜೈಲು ಅನ್ನುವುದು ವಾಕ್ ಸ್ವಾತಂತ್ರ್ಯಕ್ಕೆ ಒಗ್ಗುವುದಿಲ್ಲ ಅಂತ.

ಅಂದರೆ ಸಮವಸ್ತ್ರ ತಪ್ಪಾಗಿದ್ದರೆ ಕಾರಣ ಕಾನೂನಲ್ಲ. ಸಮಯ ಇರಲಿಲ್ಲ, ಕೇಳಲಿಲ್ಲ, ಇಲ್ಲವೇ ಯಾರು ನೋಡ್ತಾರೆ ಬಿಡು ಅಂದುಕೊಂಡರು. ನಮ್ಮಲ್ಲಿ ಕಾನೂನು ಹಿಡಿಯುವುದು ಸೈನಿಕನಲ್ಲದವನು ತಾನು ಸೈನಿಕ ಅಂತ ನಂಬಿಸಲು ಆ ಬಟ್ಟೆ ಹಾಕುವುದನ್ನು. ನಾಟಕದವನು ಯಾರನ್ನು ನಂಬಿಸಲು ಹೊರಟಿದ್ದಾನೆ?

ಒಂದು ರಿಬ್ಬನ್ ಹೆಚ್ಚುಕಡಿಮೆ ಆದರೆ ಆಕಾಶ ಬೀಳುತ್ತಾ? ಕಥೆ ನೋಡಿ ಸ್ವಾಮಿ.

ನಾನೂ ಇದನ್ನೇ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಕಾರಣ ನನ್ನದೇ ಒಂದು ಎಡವಟ್ಟು.

ಕೆಲವು ವರ್ಷದ ಹಿಂದೆ ಗೆಳೆಯರ ಕಿರುಚಿತ್ರಕ್ಕೆ ವಸ್ತ್ರದ ಜವಾಬ್ದಾರಿ ನನಗೆ ಬಂತು. ಅದರಲ್ಲಿ ಒಬ್ಬ ಕುಡುಕ ನೌಕಾಧಿಕಾರಿ, ಹಾಸ್ಯ ಪಾತ್ರ. ಚಿಕ್ಕಪೇಟೆಯ ಒಂದು ಸಂದಿಯಲ್ಲಿ ರಿಬ್ಬನ್ ಪಟ್ಟಿಗಳನ್ನು ಸ್ವೀಟ್ ಡಬ್ಬಿಯಲ್ಲಿ ಹರಡಿಟ್ಟಿದ್ದರು. ಬಣ್ಣ ನೋಡಿ ಆರಿಸಿದೆ, ಬಿಳಿ ಬಟ್ಟೆಗೆ ಯಾವುದು ಒಪ್ಪುತ್ತೆ ಅಂತ. ಮೂರು ಸಾಲು ಮಾಡಿ ಹೊಲಿಸಿದೆ. ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದು ಅಂಕಲ್‌ಗೆ ತೋರಿಸಿದೆ.

ಅವರು ಬೈಯಲಿಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದಿದರು, ಪತ್ರ ಓದುವ ಹಾಗೆ. ಎರಡನೇ ಸಾಲಿನಲ್ಲಿ ನಿಂತರು. "ಇದು ಗಾಯ ಆದವರಿಗೆ ಕೊಡೋದು" ಅಂದರು. ಪರಾಕ್ರಮ ಪದಕ. ಶತ್ರುವಿನ ಎದುರು ಗಾಯಗೊಂಡವರದ್ದು. ನಾನು ಅದನ್ನು ಕುಡುಕನ ಎದೆಗೆ ಹಾಕಿದ್ದೆ, ಹಳದಿಯ ಪಕ್ಕ ಚೆನ್ನಾಗಿ ಕಾಣುತ್ತೆ ಅಂತ. ಆಮೇಲೆ ಮೇಲೆ ಹೋಗಿ ಬೀರುವಿಂದ ಒಂದು ಹಳೆಯ ಲಕೋಟೆ ತಂದರು. ಅದರೊಳಗೆ ಅವರದೇ ರಿಬ್ಬನ್ ಪಟ್ಟಿ, ಒಂದೇ ಸಾಲು. ಒಂಬತ್ತು ವರ್ಷ ಸೇವೆ ಮುಗಿಸಿದ್ದಕ್ಕೆ ಕೊಡುವ ಪದಕದ ರಿಬ್ಬನ್ ಅದರ ಕೊನೆಗಿತ್ತು. ಅಂಚು ಬಿಚ್ಚಿಕೊಂಡಿತ್ತು. "ಇದಕ್ಕೆ ಒಂಬತ್ತು ವರ್ಷ. ನಿನ್ನ ಹೀರೋಗೆ ಎಷ್ಟು ನಿಮಿಷ ಆಯ್ತು?" ಅಂದರು. ನಗುತ್ತಲೇ ಅಂದರು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಟಾಮ್‌ಕ್ಯಾಟ್ ಹೋಗಿ ಹಾರ್ನೆಟ್ ಬಂದರೆ ನಗುತ್ತೇನೆ. ರಿಬ್ಬನ್ ತಪ್ಪಿದರೆ ನಗು ಬರುವುದಿಲ್ಲ.

ಹಿಂದಿಯ 'ರುಸ್ತುಂ' ಸಿನಿಮಾ 2016ರಲ್ಲಿ ಬಂದಾಗ ನಿವೃತ್ತ ನೌಕಾಧಿಕಾರಿಗಳು ಹರಿಹಾಯ್ದದ್ದು ಇದಕ್ಕೇ. ಕಥೆ ನಡೆಯುವುದು 1959ರಲ್ಲಿ, ನಾಯಕನ ಎದೆಯ ಮೇಲೆ 1999ರ ಕಾರ್ಗಿಲ್ ಕಾಲದ ಪದಕ. ಇದು ಸಾಲದು ಅಂತ ಮೀಸೆ ಬೇರೆ. ನಮ್ಮ ನೌಕಾಪಡೆಯಲ್ಲಿ ಆಗ ಬಿಟ್ಟರೆ 'ಪೂರ್ತಿ' ಗಡ್ಡ ಮೀಸೆ ಎರಡೂ ಬಿಡಬೇಕಿತ್ತು, ಇಲ್ಲದಿದ್ದರೆ ನುಣ್ಣಗೆ ಬೋಳಿಸಬೇಕಿತ್ತು. ಬರೀ ಮೀಸೆಗೆ ಅವಕಾಶ ಸಿಕ್ಕಿದ್ದು 1971ರಲ್ಲಿ.

ಆ ಕಥೆಯ ಮೂಲ ನಾನಾವತಿ ಕೇಸು ಅಲ್ವಾ? ಅದು ಕೋರ್ಟ್ ಮಾರ್ಷಲ್ ಆಗಿತ್ತಾ?

ಅಲ್ಲ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾಗೆ ಗುಂಡು ಹೊಡೆದದ್ದು 1959ರ ಏಪ್ರಿಲ್ 27ರಂದು. ವಿಚಾರಣೆ ನಡೆದದ್ದು ಬಾಂಬೆಯ ಸೆಷನ್ಸ್ ಕೋರ್ಟಿನಲ್ಲಿ, ಜ್ಯೂರಿಯ ಮುಂದೆ. ಒಂಬತ್ತರಲ್ಲಿ ಎಂಟು ಜನ ನಿರ್ದೋಷಿ ಅಂದರು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆ. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1964ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಇದೇ ಭಾರತದ ಕೊನೆಯ ಜ್ಯೂರಿ ವಿಚಾರಣೆ ಅನ್ನುವುದು ದಂತಕಥೆ. ಆಮೇಲೂ ಕೆಲವು ನಡೆದವು. ಜ್ಯೂರಿ ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ.

ಸಲ್ಯೂಟ್ ಬಗ್ಗೆ ಹೇಳಿ.

ಅಮೆರಿಕದ ನೌಕಾಪಡೆಯವರು ತಲೆ ಮೇಲೆ ಟೋಪಿ ಇಲ್ಲದೆ ಸಲ್ಯೂಟ್ ಹೊಡೆಯುವುದಿಲ್ಲ. ಒಳಗೆ ಬಂದರೆ ಟೋಪಿ ತೆಗೆಯುತ್ತಾರೆ, ಅಲ್ಲಿಗೆ ಸಲ್ಯೂಟೂ ನಿಂತಿತು. ಅಡ್ಮಿರಲ್ ಕೋಣೆಗೆ ಬರಿತಲೆಯಲ್ಲಿ ನುಗ್ಗಿ ಠಪ್ ಅಂತ ಸಲ್ಯೂಟ್ ಹೊಡೆದರೆ ಅದು ಭೂಸೇನೆಯ ಅಭ್ಯಾಸ. ಅಂಗೈ ಎದುರಿನವರಿಗೆ ಕಾಣಲೂಬಾರದು. ನಮ್ಮ ನೌಕಾಪಡೆಯಲ್ಲೂ ಅಂಗೈ ಕೆಳಕ್ಕೆ. ಡಾಂಬರು, ಗ್ರೀಸು ಮೆತ್ತಿದ ಕೈಯನ್ನು ಅಧಿಕಾರಿಗೆ ತೋರಿಸಬಾರದು ಅಂತ ಶುರುವಾದದ್ದು ಅನ್ನುತ್ತಾರೆ.

"ಎಸ್ ಸರ್", "ಏಯ್ ಏಯ್ ಸರ್" ಎರಡೂ ಒಂದೇನಾ?

ಬೇರೆ. ಪ್ರಶ್ನೆಗೆ "ಎಸ್ ಸರ್". ಆಜ್ಞೆಗೆ "ಏಯ್ ಏಯ್ ಸರ್", ಅಂದರೆ ಅರ್ಥವಾಯಿತು, ಮಾಡುತ್ತೇನೆ. "ಊಟ ಆಯ್ತಾ?" ಅಂದರೆ "ಏಯ್ ಏಯ್" ಅನ್ನುವವನು ನಾವಿಕನಲ್ಲ, ನಟ.

ಹಾಗೆಯೇ ಅಲ್ಲಿನ ನೌಕಾಪಡೆಯವರು ಸಮಯ ಹೇಳುವಾಗ ಕೊನೆಗೆ "ಅವರ್ಸ್" ಸೇರಿಸುವುದಿಲ್ಲ, ಅದೂ ಭೂಸೇನೆಯದು. "ಗಂಟೆಗೆ 30 ನಾಟ್" ಅಂದರೂ ತಪ್ಪು. ನಾಟ್ ಅಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್.

ಒಬ್ಬ ಕ್ಯಾಪ್ಟನ್ ಇನ್ನೊಬ್ಬ ಕ್ಯಾಪ್ಟನ್‌ಗೆ ಸಲ್ಯೂಟ್ ಹೊಡೆದ. ಇದು ತಪ್ಪು ತಾನೆ?

ತಪ್ಪಲ್ಲ. ಮರೀನ್ ಕ್ಯಾಪ್ಟನ್ ನೌಕಾಪಡೆಯ ಲೆಫ್ಟಿನೆಂಟ್‌ಗೆ ಸಮ. ನೌಕಾಪಡೆಯ ಕ್ಯಾಪ್ಟನ್ ಕರ್ನಲ್‌ಗೆ ಸಮ. ಇದರ ಮೇಲೆ, ಹಡಗಿನ ಮುಖ್ಯಸ್ಥ ಯಾವ ದರ್ಜೆಯವನಾದರೂ ಆ ಹಡಗಿನವರಿಗೆ ಅವನು "ಕ್ಯಾಪ್ಟನ್". ಈ ಮೂವರನ್ನು ಸಬ್‌ಟೈಟಲ್ ಬರೆಯುವವರು ಕಲಸಿ ಇಡುತ್ತಾರೆ. ಮರೀನನ್ನು "ಸೋಲ್ಜರ್" ಅಂದರೆ ಅವನಿಗೆ ಸಿಟ್ಟು ಬರುತ್ತದೆ, ಅದೂ ನೆನಪಿರಲಿ.

ಎನ್‌ಸಿಐಎಸ್‌ನಲ್ಲಿ ಇಬ್ಬರು ಒಂದೇ ಕೀಬೋರ್ಡಿನಲ್ಲಿ...

ಹೌದು. ಗೊತ್ತು. ಬೆಂಗಳೂರಿನಲ್ಲಿ ಈ ಪ್ರಶ್ನೆ ಬರದ ಭಾನುವಾರವೇ ಇಲ್ಲ. ಎರಡನೇ ಸೀಸನ್, 2004. ಯಾರೋ ಹ್ಯಾಕ್ ಮಾಡುತ್ತಿದ್ದಾರೆ. ಪ್ರಯೋಗಾಲಯದ ಹುಡುಗಿ ಆ್ಯಬಿ ಒಬ್ಬಳ ಬೆರಳು ಸಾಲುತ್ತಿಲ್ಲ. ಮೆಗೀ ಬಂದು ಅದೇ ಕೀಬೋರ್ಡಿನ ಇನ್ನರ್ಧ ಹಿಡಿಯುತ್ತಾನೆ. ಇಬ್ಬರೂ ನಾಲ್ಕು ಕೈಯಲ್ಲಿ ಹಾರ್ಮೋನಿಯಂ ಬಾರಿಸುತ್ತಾರೆ. ಕೊನೆಗೆ ಬಾಸ್ ಗಿಬ್ಸ್ ಬಂದು ಪ್ಲಗ್ ಕೀಳುತ್ತಾನೆ. ಎಲ್ಲ ಶಾಂತಿ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಇದನ್ನು ಪೇರ್ ಪ್ರೋಗ್ರಾಮಿಂಗ್ ಅನ್ನುತ್ತಾನೆ.

ನಗಿಸಲೆಂದೇ ಮಾಡಿದ ಹಾಗಿದೆ, ಹಾಗಾಗಿ ನಾನು ಬಿಟ್ಟುಬಿಡುತ್ತೇನೆ. ಬಿಡಲಾಗದ್ದು ಆ ಪ್ರಯೋಗಾಲಯ. ಒಬ್ಬಳೇ ಹುಡುಗಿ ಡಿಎನ್‌ಎ, ಗುಂಡು, ವಿಷ, ಮಣ್ಣು, ಕಂಪ್ಯೂಟರ್ ಎಲ್ಲ ನೋಡುತ್ತಾಳೆ, ಜಾಹೀರಾತು ಮುಗಿಯುವುದರೊಳಗೆ ಫಲಿತಾಂಶ. ಇವು ಒಂದೊಂದೂ ಬೇರೆ ಬೇರೆ ತಜ್ಞರ ಕೆಲಸ. ನಮ್ಮ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲೂ ಇದಕ್ಕೆಲ್ಲ ಬೇರೆ ಬೇರೆ ವಿಭಾಗಗಳಿವೆ. ಇನ್ನು ಕಚೇರಿ. ನಿಜವಾದ ಎನ್‌ಸಿಐಎಸ್ 2011ರಲ್ಲೇ ನೇವಿ ಯಾರ್ಡ್ ಬಿಟ್ಟು ಕ್ವಾಂಟಿಕೋಗೆ ಹೋಯಿತು. ಧಾರಾವಾಹಿಯವರು ಮನೆ ಖಾಲಿ ಮಾಡಲಿಲ್ಲ.

'ದಿ ಲಾಸ್ಟ್ ಶಿಪ್' ಹೇಗೆ?

ಹಡಗಿನ ಮಟ್ಟಿಗೆ ಇದ್ದುದರಲ್ಲಿ ವಾಸಿ, ಯಾಕೆಂದರೆ ನಿಜವಾದ ಹಡಗಿನ ಮೇಲೆ ತೆಗೆದಿದ್ದಾರೆ. ಕಥೆಯ ನೇಥನ್ ಜೇಮ್ಸ್ ಹಡಗಿನ ನಂಬರ್ 151. ಆ ಪಾತ್ರ ಮಾಡಿದ್ದು ಹಾಲ್ಸಿ ಅನ್ನುವ ಹಡಗು, ಅದರದ್ದು 97.

ಜ್ಯಾಗ್ ಸರಿಯಾಗಿ ಮಾಡಿದ್ದು ಏನೂ ಇಲ್ವಾ?

ಇದೆ. ಹಾರ್ಮ್‌ನ ಕಚೇರಿಯ ವಕೀಲ ಬಡ್ ರಾಬರ್ಟ್ಸ್ ಅಫ್ಘಾನಿಸ್ತಾನದಲ್ಲಿ ನೆಲಬಾಂಬ್ ತುಳಿದು ಕಾಲು ಕಳೆದುಕೊಳ್ಳುತ್ತಾನೆ. ಮುಂದಿನ ಕಂತಿನಲ್ಲಿ ಎದ್ದು ಓಡಾಡುವುದಿಲ್ಲ. ಆಸ್ಪತ್ರೆ, ಕೃತಕ ಕಾಲು, ಕೆಲಸ ಉಳಿಯುತ್ತಾ ಅನ್ನುವ ಭಯ, ಎಲ್ಲವನ್ನೂ ಧಾರಾವಾಹಿ ಮರೆಯದೆ ಹೊತ್ತುಕೊಂಡು ಹೋಗುತ್ತದೆ. ಕಂಟಿನ್ಯುಟಿ ಅಂದರೆ ಇದು. ಕಾಫಿ ಲೋಟ ಯಾವ ಕೈಯಲ್ಲಿತ್ತು ಅನ್ನುವುದು ಆಮೇಲಿನ ಮಾತು.

ಇಷ್ಟೆಲ್ಲ ತಪ್ಪು ಹುಡುಕಿದರೆ ನೋಡುವ ಮಜಾ ಹೋಗಲ್ವಾ?

227 ಕಂತು ಎರಡು ಸಲ ನೋಡಿದ್ದೇವೆ.

ನಾವು ನಿಜವಾದ ಯುದ್ಧನೌಕೆಯ ಒಳಗೆ ಹೋಗಿ ನೋಡಬೇಕು. ಹತ್ತಿರದಲ್ಲಿ ಎಲ್ಲಿದೆ?

ಕಾರವಾರ. ಜ್ಯಾಗ್ ಮುಗಿದ ಮರುತಿಂಗಳೇ, 2005ರ ಮೇ 31ರಂದು, ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಅದರೊಳಗೆ ಸುಮ್ನೆ ಬಿಡುವುದಿಲ್ಲ. ಆದರೆ ಟಾಗೋರ್ ಕಡಲತೀರದಲ್ಲಿ ಕ್ಷಿಪಣಿ ದೋಣಿಯೊಂದನ್ನು ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಊರಿನವರು, ಪತ್ರಿಕೆಯವರು ಚಾಪೆಲ್ ಅನ್ನುತ್ತಾರೆ. ಕೇಳಿದರೆ ಯಾವುದೋ ಇಗರ್ಜಿ ಅನಿಸುತ್ತದೆ. ನಿಜವಾದ ಹೆಸರು ಚಪಲ್, ನಮ್ಮ 'ಚಪಲ'ದ ನೆಂಟ, ಚುರುಕು ಅಂತ ಅರ್ಥ.

ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಕಬ್ಬಿಣ ಕಾಯುತ್ತದೆ. ಒಳಗಿನ ದಾರಿ ಎಷ್ಟು ಇಕ್ಕಟ್ಟು ಅಂತ ಅಲ್ಲಿ ತಿಳಿಯುತ್ತದೆ. ಧಾರಾವಾಹಿಯ ಸೆಟ್ಟಿನಲ್ಲಿ ಕ್ಯಾಮೆರಾ ಓಡಾಡಬೇಕು ಅಂತ ಅಗಲ ಮಾಡಿರುತ್ತಾರೆ. ಇಬ್ಬರು ಪಕ್ಕಪಕ್ಕ ಮಾತಾಡುತ್ತಾ ನಡೆಯುತ್ತಾರೆ, ಬಾಗಿಲಲ್ಲಿ ತಲೆಯನ್ನೂ ಬಗ್ಗಿಸುವುದಿಲ್ಲ. ನಾನೂ ಹಾಗೇ ಹೊಕ್ಕೆ. ಹಿಂದಿನಿಂದ ಅಂಕಲ್ "ತಲೆ!" ಅನ್ನುವುದರೊಳಗೆ ಹಣೆ ತಾಗಿತ್ತು.